ಹಾಸಿಗೆಯ ಮೇಲೆ ಅಳೆದ ಕಿಲ್ಟ್

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ, ಹೇಳಿ. ತಲೆಗೆ ಬಣ್ಣ ಹಚ್ಚಲು ಶುರುಮಾಡಿದ ಮೇಲೆ, ಸೀರೆ ಬಿಟ್ಟರೆ ಚೂಡಿದಾರ್, ಚೂಡಿದಾರ್ ಬಿಟ್ಟರೆ ನೈಟಿ ಎಂಬ ಸ್ಥಿತಿಗೆ ಬಂದ ಮೇಲೆ, ಒಂದು ದಿನ ಮಂಡಿಯವರೆಗಿನ ಬಟ್ಟೆ ಹಾಕಿಕೊಂಡು ನೂರಾರು ಜನರ ಮುಂದೆ ನಡೆಯಬೇಕಾಗಿ ಬಂದಿದೆಯಾ? ಆ ಬಟ್ಟೆ ಕಾಲಿನ ಮೇಲೆ ಎಲ್ಲಿಗೆ ನಿಲ್ಲಬೇಕು ಅನ್ನುವ ವಿಷಯಕ್ಕೆ ಬಾಲ್ಯದ ಗೆಳತಿಯರ ಜೊತೆ ಕಿತ್ತಾಡಿದ್ದೀರಾ? ನಾನು ಕಿತ್ತಾಡಿದ್ದೇನೆ. ಅದೂ ಕಿಲ್ಟಿನ ಸಲುವಾಗಿ.

ಕಿಲ್ಟ್ ನೋಡಿಲ್ಲದವರಿಗೆ ಹೇಳುತ್ತೇನೆ. ದಪ್ಪ ಚೌಕಳಿ ಉಣ್ಣೆ ಬಟ್ಟೆ. ಹಿಂಭಾಗವೆಲ್ಲ ನೆರಿಗೆ, ಮುಂಭಾಗ ಸಪಾಟು. ಸೊಂಟಕ್ಕೆ ಒಂದೂವರೆ ಸುತ್ತು ಸುತ್ತಿ ಪಕ್ಕದಲ್ಲಿ ಬಕಲ್ ಹಾಕಬೇಕು. ಬ್ಯಾಗ್‌ಪೈಪ್ ಊದುವ ಬ್ಯಾಂಡಿನವರ ಉಡುಪು. ಸ್ಕಾಟ್ಲೆಂಡಿನ ಗಂಡಸರು ಹಾಕಿಕೊಳ್ಳುವ ಈ ಬಟ್ಟೆ ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಯಾವ ದಾರಿ ಹಿಡಿದು ಬಂತು ಅಂತ ನನ್ನನ್ನು ಕೇಳಬೇಡಿ. ನಾವು ಸೇರುವಾಗಲೇ ಇತ್ತು. ನಾವು ಹನ್ನೊಂದು ಜನ ಆ ಬ್ಯಾಂಡಿನಲ್ಲಿದ್ದೆವು. ನನ್ನದು ದೊಡ್ಡ ಡ್ರಮ್. ಹೊಟ್ಟೆಯ ಮುಂದೆ ಅದನ್ನು ನೇತುಹಾಕಿಕೊಂಡರೆ ನಾನು ಕಿಲ್ಟ್ ಹಾಕಿದ್ದೇನೋ, ಅಮ್ಮನ ಪೆಟಿಕೋಟ್ ಹಾಕಿದ್ದೇನೋ, ಎದುರಿಗಿರುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಆದರೆ ನಮ್ಮ ಡ್ರಿಲ್ ಮಿಸ್‌ಗೆ ಗೊತ್ತಾಗುತ್ತಿತ್ತು. ಪ್ರತಿ ಮೆರವಣಿಗೆಗೂ ಮುಂಚೆ ಪ್ರಾರ್ಥನೆಯ ಹಾಲಿನಲ್ಲಿ ನಮ್ಮನ್ನು ಸಾಲಾಗಿ ಮಂಡಿಯೂರಿಸುತ್ತಿದ್ದರು. ಕಿಲ್ಟನ್ನು ಹೊಕ್ಕಳ ಮೇಲೆ ಬಿಗಿದಿರಬೇಕು. ಮಂಡಿಯೂರಿದಾಗ ಅದರ ಅಂಚು ನೆಲಕ್ಕೆ ಸೋಕಬೇಕು, ಆದರೆ ಮಡಿಚಿಕೊಂಡು ಬೀಳಬಾರದು. ಸೋಕದಿದ್ದರೆ ಗಿಡ್ಡ. ಮಡಿಚಿಕೊಂಡರೆ ಉದ್ದ. ಬರೀ ಸೋಕಿದರೆ, ಎದ್ದು ನಿಂತಾಗ ಅಂಚು ಸರಿಯಾಗಿ ಮಂಡಿಚಿಪ್ಪಿನ ಕೆಳತುದಿಗೆ ಬರುತ್ತದೆ. ಅಲ್ಲಿಂದ ಒಂದು ಬೆರಳು ಬಿಟ್ಟು ಉಣ್ಣೆ ಸಾಕ್ಸ್ ಶುರುವಾಗುತ್ತದೆ. ಅಸಲು ಪದ್ಧತಿಯಲ್ಲಿ ಕಿಲ್ಟ್ ಮಂಡಿಚಿಪ್ಪಿನ ನಡುವಿಗೇ ನಿಲ್ಲಬೇಕಂತೆ. ಆ ಒಂದಿಷ್ಟು ಉದ್ದ ನಮ್ಮ ಅಮ್ಮಂದಿರಿಗಾಗಿ ಸೇರಿಸಿದ್ದು. ಮಂಡಿ ಕಂಡಿದ್ದರೆ ಅವರು ಬ್ಯಾಂಡಿಗೆ ಕಳಿಸುತ್ತಲೇ ಇರಲಿಲ್ಲ.

ಇಷ್ಟು ಪೀಠಿಕೆ ಸಾಕು. ಈಚೆಗೆ ಸ್ಕೂಲಿನಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ವಾರ್ಷಿಕೋತ್ಸವಕ್ಕೆ ಹಳೆಯ ಬ್ಯಾಂಡಿನವರು ಮೈದಾನದಲ್ಲಿ ಒಂದು ಸುತ್ತು ಮಾರ್ಚ್ ಮಾಡಬಹುದೇ? ವಾದ್ಯ ಸ್ಕೂಲಿನವರೇ ಕೊಡುತ್ತಾರೆ, ಬಟ್ಟೆ ನಮ್ಮದು. ಹನ್ನೊಂದೂ ಜನ ಇನ್ನೂ ಮೈಸೂರಿನಲ್ಲೇ ಇದ್ದೇವೆ ಅನ್ನುವುದೇ ಒಂದು ಆಶ್ಚರ್ಯ. ಎಲ್ಲರೂ ಬರುತ್ತೇನೆ ಅಂತ ಹೆಬ್ಬೆರಳೆತ್ತಿದರು. ಒಬ್ಬಳು ಮಾತ್ರ ಎತ್ತಲಿಲ್ಲ.

ಅವಳೇ ನಮ್ಮ ಲೀಡರ್. ಈಗಲೂ ಅವಳನ್ನು ಲೀಡರ್ ಅಂತಲೇ ಕರೆಯುತ್ತೇವೆ. ಬ್ಯಾಂಡಿನ ಮುಂದೆ ಬ್ಯಾಗ್‌ಪೈಪ್ ಊದುತ್ತಾ ನಡೆಯುತ್ತಿದ್ದವಳು. ಪೈಪ್ ಊದುವವರು ಇನ್ನೂ ಇಬ್ಬರಿದ್ದರು, ಆದರೆ ಅವರು ಕೆನ್ನೆ ಉಬ್ಬಿಸುತ್ತಿದ್ದುದೇ ಹೆಚ್ಚು. ರಾಗವೆಲ್ಲ ಇವಳದ್ದೇ. ಇವಳಿಲ್ಲದೆ ಬ್ಯಾಂಡ್ ಹೊರಟರೆ ಬರೀ ಡ್ರಮ್ಮಿನ ಸದ್ದು. ಯಾವುದೋ ಅಂಗಡಿ ಓಪನಿಂಗ್ ಅಂದುಕೊಳ್ಳುತ್ತಾರೆ. ಅವಳ ಮನೆ ವಿದ್ಯಾರಣ್ಯಪುರಂನಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಸ್ಕೂಟರಿನಿಂದ ಬಿದ್ದು ಎಡಮಂಡಿ ಹಾಳಾಗಿ, ಕೊನೆಗೆ ಮಂಡಿಯನ್ನೇ ಬದಲಾಯಿಸಬೇಕಾಯಿತು. ಈಗ ಚೆನ್ನಾಗಿ ನಡೆಯುತ್ತಾಳೆ. ಮಂಡಿಯೂರಬಾರದು, ಚಕ್ಕಂಬಕ್ಕಳ ಹಾಕಬಾರದು, ಅಷ್ಟೆ. ಮಂಡಿಯ ಮೇಲಿನಿಂದ ಕೆಳಕ್ಕೆ ಗೇಣುದ್ದ ಹೊಲಿಗೆಯ ಗೆರೆ ಇದೆ.

ನಾನು ಅವಳ ಮನೆಗೇ ಹೋದೆ. ನೇರವಾಗಿ ಕೇಳಿದೆ.

"ಏನೇ, ನಡಿಯೋಕಾಗಲ್ವಾ ನಿಂಗೆ?"

"ನಡಿಯೋಕೇನು? ದಿನಾ ಬೆಳಗ್ಗೆ ಪಾರ್ಕಲ್ಲಿ ನಿನಗಿಂತ ಜೋರಾಗಿ ನಡೀತೀನಿ."

"ಮತ್ತೆ?"

ಅವಳ ಗಂಡ ಒಳಗಿನಿಂದ ಕಾಫಿ ತಂದರು. ಲೋಟವನ್ನು ಅವಳ ಕೈಗೇ ಇಟ್ಟು, "ನಿಧಾನ ಕಣೇ, ಬಿಸಿ ಇದೆ" ಅಂದರು. ನನಗೆ ಮಾತ್ರ ತಟ್ಟೆಯಲ್ಲಿದ್ದ ಲೋಟ ತೋರಿಸಿದರು. ಅವರು ಒಳಗೆ ಹೋದ ಮೇಲೆ ಅವಳು ಹೇಳಿದಳು.

"ನೋಡ್ದ್ಯಾ? ಮಂಡಿಗಾಗಿದ್ದು ಕಣೇ, ಕೈಗಲ್ಲ. ಆಪರೇಷನ್ ಆದಾಗಿಂದ ಎಲ್ರೂ ಹಿಂಗೇ. ಮದ್ವೆ ಮನೆಗ್ ಹೋದ್ರೆ ಕುರ್ಚಿ ತಂದು ಹಾಕ್ತಾರೆ. ಮೆಟ್ಲತ್ರ ಹೋದ್ರೆ ಮೊಣಕೈ ಹಿಡ್ಕೋತಾರೆ. ಆ ಗೆರೆ ಕಂಡ್ರೆ ಸಾಕು, 'ಅಯ್ಯೋ ಪಾಪ' ಅಂತ ಶುರು. ಬ್ಯಾಂಡಿನ ಮುಂದೆ ನಡೆದು ಅಯ್ಯೋ ಪಾಪ ಅನ್ನಿಸ್ಕೋಬೇಕಾ ನಾನು? ಸ್ಕೂಲಲ್ಲಿ ನನ್ನ ನೋಡಿದ್ರೆ ಹೆದರ್ತಿದ್ರು."

ಅದು ನಿಜ. ಹೆದರುತ್ತಿದ್ದೆವು.

"ಹಾಗಾದ್ರೆ ಮಂಡಿ ಕಾಣಿಸದ ಹಾಗೆ ಹೊಲಿಸೋಣ. ಸ್ಕೂಲ್ ಅಳತೆನೇ ತಾನೆ?" ಅಂದೆ.

"ಎಲ್ರದ್ದೂ ಸ್ಕೂಲ್ ಅಳತೆ ಆದ್ರೆ ಬರ್ತೀನಿ. ನಂದೊಂದೇ ಉದ್ದ, ನಿಮ್ದೆಲ್ಲ ಮೇಲೆ ಅಂದ್ರೆ ಬರಲ್ಲ. ನಂದೊಂದು ಬೇರೆ ಇದ್ರೆ ಯಾಕೆ ಅಂತ ಕೇಳೇ ಕೇಳ್ತಾರೆ. ಆಮೇಲೆ ಅದೇ ಪಾಪ."

ಒಪ್ಪಂದ ಅಷ್ಟೇ. ಬ್ಯಾಂಡಿನಲ್ಲಿ ಎತ್ತರ ಹೆಚ್ಚುಕಡಿಮೆ ಇರಬಹುದು. ಮಂಡಿ ಮಾತ್ರ ಯಾರದ್ದೂ ಕಾಣಬಾರದು.

ಅಳತೆ ತೆಗೆಯುವುದಕ್ಕೆ ಯಾದವಗಿರಿಯಲ್ಲಿ ಸೇರಿದೆವು. ಅಲ್ಲಿರುವ ಗೆಳತಿಯದ್ದು ಅಜ್ಜನ ಕಾಲದ ಬಂಗಲೆ. ಅವರ ಮನೆಯವರು ಹಿಂದೆ ಅರಮನೆಯ ಕೆಲಸದಲ್ಲಿದ್ದವರು, ಎಲ್ಲದಕ್ಕೂ ಒಂದು ಕ್ರಮ ಇರಬೇಕು ಅನ್ನುವವರು. ಹಾಲಿನಲ್ಲಿ ಕೆಂಪು ಗಾರೆಯ ನೆಲ. ಡ್ರಿಲ್ ಮಿಸ್ ಮಾಡುತ್ತಿದ್ದ ಹಾಗೆಯೇ ಮಂಡಿಯೂರಿ ಅಳೆಯೋಣ ಅಂತ ಹೇಳಿದ್ದೇ ಅವಳು. ಸಾಲಾಗಿ ನಿಂತೆವು. ಒಬ್ಬೊಬ್ಬರೇ ಕೂರಲು ಹೋದೆವು.

ಏನು ಹೇಳಲಿ! ಹದಿನಾಲ್ಕನೇ ವಯಸ್ಸಿನಲ್ಲಿ ದಡಕ್ಕನೆ ಊರುತ್ತಿದ್ದ ಮಂಡಿ ಅಲ್ಲ ಇದು. ಒಬ್ಬಳು ಗೋಡೆ ಹಿಡಿದಳು, ಒಬ್ಬಳು ಸೋಫಾ ಹಿಡಿದಳು, ಒಬ್ಬಳು ನನ್ನ ಸೆರಗನ್ನೇ ಹಿಡಿದಳು. ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವವಳೊಬ್ಬಳಿದ್ದಾಳೆ, ಸಣ್ಣ ಡ್ರಮ್ಮಿನವಳು, ಮೈಸೂರಿನ ಪಕ್ಕದ ಹಳ್ಳಿಯಿಂದ ಬಂದ ಒಕ್ಕಲು ಮನೆತನದ ಗಟ್ಟಿ ಹೆಂಗಸು. ಅವಳೂ ಅರ್ಧಕ್ಕೆ ನಿಂತು ಬೊಬ್ಬೆ ಹಾಕಿದಳು.

"ಅಮ್ಮಯ್ಯ! ಎತ್ಕಳ್ರೇ ನನ್ನ! ಈ ನೆಲ್ದಲ್ಲಿ ಇನ್ನೊಂದ್ಗಳಿಗೆ ಇದ್ರೆ ನಂಗೂ ಹೊಸ ಮಂಡಿ ಆಕಿಸ್ಬೇಕಾಯ್ತದೆ."

"ನಂದೇ ಕೊಡ್ಲಾ?" ಅಂತ ಲೀಡರ್ ಕುರ್ಚಿಯ ಮೇಲೆ ಕೂತಲ್ಲಿಂದಲೇ ಕೇಳಿದಳು. ಅವಳು ಅಂದು ಬಹಳ ಖುಷಿಯಲ್ಲಿದ್ದಳು. ಆಪರೇಷನ್ ಆದ ಮೇಲೆ ಮೊದಲ ಸಲ ಮಂಡಿಯ ವಿಷಯದಲ್ಲಿ ನಾವೆಲ್ಲ ಅವಳಿಗಿಂತ ಹಿಂದೆ ಬಿದ್ದಿದ್ದೆವು.

ದಿಂಬು ಹಾಕಿ ನೋಡಿದೆವು, ಜಾರಿತು. ಆಗ ಯಾರೋ ಒಬ್ಬರು, ಮಂಚದ ಮೇಲೆ ಊರಿದರೆ ಆಯಿತಲ್ಲ, ಮೆತ್ತಗಿರುತ್ತೆ ಅಂದರು. ಅದು ಯಾರು ಅನ್ನುವುದಕ್ಕೆ ಇವತ್ತಿಗೂ ಗುಂಪಿನಲ್ಲಿ ಜಗಳ ಇದೆ, ನಾನು ಆ ಜಗಳಕ್ಕೆ ಹೋಗುವುದಿಲ್ಲ. ಒಟ್ಟಿನಲ್ಲಿ ಎಲ್ಲರೂ ಹೌದು ಹೌದು ಅಂತ ಮಲಗುವ ಕೋಣೆಗೆ ನುಗ್ಗಿದೆವು. ದೊಡ್ಡ ತೇಗದ ಮಂಚ, ಮೇಲೆ ಹೊಸದಾಗಿ ತಂದ ದಪ್ಪ ಫೋಮ್ ಹಾಸಿಗೆ. ಒಬ್ಬೊಬ್ಬರೇ ಹತ್ತಿ ಮಂಡಿಯೂರಿದೆವು. ಹಾಯಾಗಿತ್ತು. ಯಾದವಗಿರಿಯವಳು ಟೇಪು ಹಿಡಿದು, ಹೊಕ್ಕಳಿಂದ ಹಾಸಿಗೆಗೆ ಸೋಕುವವರೆಗೆ ಅಳೆದು ಮೊಬೈಲಿನಲ್ಲಿ ಬರೆದುಕೊಂಡಳು. ನೆಲಕ್ಕೆ ಸೋಕಬೇಕು, ಮಡಿಚಿಕೊಳ್ಳಬಾರದು. ಡ್ರಿಲ್ ಮಿಸ್ ಹೇಳಿದ್ದರಲ್ಲಿ ಒಂದಕ್ಷರ ತಪ್ಪಲಿಲ್ಲ.

ಲೀಡರ್ ಮಂಡಿಯೂರುವ ಹಾಗಿಲ್ಲವಲ್ಲ, ಅವಳನ್ನು ನಿಲ್ಲಿಸಿಯೇ ಅಳೆದೆವು. ಮೇಟಗಳ್ಳಿಯವಳು ನೆಲದಲ್ಲಿ ಕೂತು ಮಂಡಿಚಿಪ್ಪಿನ ಕೆಳಗೆ ಹುಬ್ಬಿನ ಪೆನ್ಸಿಲಿನಲ್ಲಿ ಗೆರೆ ಎಳೆದಳು, ಹೊಕ್ಕಳಿಂದ ಅಲ್ಲಿಗೆ ಟೇಪು ಹಿಡಿದಳು. ಮುಗಿಯಿತು. ಆಮೇಲೆ ಉಪ್ಪಿಟ್ಟು ತಿಂದು ಮನೆಗೆ ಹೋದೆವು.

ಹೊಲಿಸುವ ಕೆಲಸ ನನ್ನ ತಲೆಗೆ ಬಂತು. ನಮ್ಮ ರಸ್ತೆಯ ಟೈಲರ್ ಬ್ಲೌಸಿಗೆ ಹೆಸರುವಾಸಿ. ಸ್ಕೂಲ್ ಯೂನಿಫಾರ್ಮನ್ನೂ ಹೊಲಿಯುತ್ತಾರೆ. ಚೌಕಳಿ ಬಟ್ಟೆಯ ತಾನು ಒಂದೇ ಒಂದು ಸಿಕ್ಕಿತ್ತು, ಹನ್ನೊಂದು ಕಿಲ್ಟಿಗೆ ಸರಿಯಾಗುವಷ್ಟು. ಟೈಲರ್ ಅಳತೆ ನೋಡಿ ತಲೆ ಕೆರೆದುಕೊಂಡರು.

"ಮೇಡಂ, ಇದು ಮೊಮ್ಮಕ್ಳಿಗಾ?"

"ನನಗೇ ರೀ. ನನ್ನನ್ನ ನೋಡಿದ್ರೆ ಮೊಮ್ಮಕ್ಳಿರೋ ಹಾಗ್ ಕಾಣುತ್ತಾ?"

"ಅಯ್ಯೋ ಇಲ್ಲಮ್ಮ. ಕೇಳ್ದೆ ಅಷ್ಟೆ." ಸ್ವಲ್ಪ ತಡೆದು, "ಕೆಳಗೆ ಎರಡಿಂಚು ಒಳಗಡೆ ಮಡಚಿ ಬಿಡ್ಲಾ? ಮಕ್ಳಿಗೆಲ್ಲ ಹಂಗೇ ಬಿಡ್ತೀವಿ, ಬೆಳೀತಾರಲ್ಲ, ಬಿಚ್ಕೋಬೋದು."

ನನಗೆ ನಗು ಬಂತು. "ಇನ್ನೆಲ್ಲಿ ಬೆಳಿಯೋದು ರೀ? ಬೆಳದ್ರೂ ಅಡ್ಡಡ್ಡ ಬೆಳೀತೀವಿ. ಒಳಗ್ ಮಡಿಚಿದ್ರೆ ನೆರಿಗೆ ಗಂಟೆ ಥರ ನಿಂತ್ಕೊಳುತ್ತೆ. ಬಟ್ಟೆ ಅಂಚನ್ನ ಹಾಗೇ ಬಿಡಿ."

ಕಿಲ್ಟಿಗೆ ಒಳಮಡಿಕೆ ಇರಬಾರದು ಅನ್ನುವುದು ನಿಜವೇ. ಆದರೆ ಆ ಎರಡಿಂಚು ನೆನಪಿಟ್ಟುಕೊಳ್ಳಿ.

ಹೊಲಿದು ಬಂತು. ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮತ್ತೆ ಯಾದವಗಿರಿಗೆ ಹೋದೆವು. ಒಬ್ಬೊಬ್ಬರೇ ಒಳಗೆ ಹೋಗಿ ಹಾಕಿಕೊಂಡು ಹಾಲಿಗೆ ಬಂದರು. ಮೊದಲು ಬಂದವಳನ್ನು ನೋಡಿ ಅವಳದ್ದೇ ಏನೋ ತಪ್ಪಾಗಿದೆ ಅಂದುಕೊಂಡೆವು. ಎರಡನೆಯವಳದ್ದೂ ಹಾಗೇ. ನಾನು ಹಾಕಿಕೊಂಡೆ, ನನ್ನದೂ ಹಾಗೇ. ಮಂಡಿಚಿಪ್ಪು ಪೂರ್ತಿ ಹೊರಗೆ. ಕೊನೆಯಲ್ಲಿ ಲೀಡರ್ ಬಂದಳು. ಅವಳ ಕಿಲ್ಟ್ ಸರಿಯಾಗಿ ಮಂಡಿಚಿಪ್ಪಿನ ಕೆಳತುದಿಗೆ ನಿಂತಿತ್ತು. ಸಾಕ್ಸನ್ನು ಅದರ ಅಂಚಿನವರೆಗೂ ಎಳೆದುಕೊಂಡಿದ್ದಳು, ಗೆರೆ ಕಾಣುತ್ತಿರಲಿಲ್ಲ. ಸ್ಕೂಲಿನಿಂದ ತಂದಿದ್ದ ಪೈಪನ್ನು ಬಗಲಿಗೆ ಇಟ್ಟುಕೊಂಡು ನಿಂತರೆ ಥೇಟ್ ಆವತ್ತಿನವಳೇ. ಆಮೇಲೆ ನಮ್ಮೆಲ್ಲರ ಕಾಲು ನೋಡಿದಳು.

ಟೈಲರ್‌ಗೆ ಫೋನ್ ಹಚ್ಚಿದೆ. "ನೀವ್ ಕೊಟ್ಟ ಅಳತೆಗೆ ಒಂದ್ ನೂಲೂ ಆಚೀಚೆ ಇಲ್ಲ ಮೇಡಂ" ಅಂದರು. ಟೇಪು ಹಿಡಿದು ನೋಡಿದೆವು, ಅವರು ಹೇಳಿದ್ದು ಸರಿ. ಹಾಗಾದರೆ ತಪ್ಪಿದ್ದೆಲ್ಲಿ? ಯಾದವಗಿರಿಯವಳು ಕಿಲ್ಟ್ ಹಾಕಿಕೊಂಡೇ ಹೋಗಿ ಮಂಚ ಹತ್ತಿ ಮಂಡಿಯೂರಿದಳು. ಅಂಚು ಹಾಸಿಗೆಗೆ ಸರಿಯಾಗಿ ಸೋಕಿತು. ಮಡಿಚಿಕೊಳ್ಳಲಿಲ್ಲ.

"ಇಲ್ಲಿ ಕರೆಕ್ಟಾಗೇ ಇದೆ ಕಣ್ರೇ!" ಅಂತ ಮಂಚದ ಮೇಲಿಂದ ಕೂಗಿದಳು.

ನಾನು ಬಾಗಿಲಲ್ಲಿ ನಿಂತು ಅವಳ ಮಂಡಿ ನೋಡಿದೆ. ಮಂಡಿ ಎಲ್ಲಿದೆ? ಹಾಸಿಗೆಯಲ್ಲಿ ಹೂತುಹೋಗಿತ್ತು. ದಪ್ಪ ಫೋಮಿನೊಳಗೆ ಎರಡಿಂಚು ಇಳಿದಿತ್ತು. ನಾವು ಅಳೆದದ್ದು ಮಂಡಿಯ ತನಕ ಅಲ್ಲ, ಹಾಸಿಗೆಯ ಮೇಲ್ಮೈ ತನಕ. ಹಾಸಿಗೆ ನುಂಗಿದಷ್ಟು ಕಿಲ್ಟ್ ಗಿಡ್ಡವಾಗಿತ್ತು. ಪದವಿ ಪಡೆದ ಹತ್ತು ಹೆಂಗಸರು ಒಬ್ಬರ ಹಿಂದೆ ಒಬ್ಬರು ಹತ್ತಿ ಇಳಿದರೂ ಯಾರಿಗೂ ಹೊಳೆದಿರಲಿಲ್ಲ.

"ಈ ಮಂಚಾನೇ ಮೈದಾನಕ್ ಸಾಗ್ಸಿಬುಡವಾ. ಮೇಲೆ ಮಂಡಿ ಊರ್ಕಂಡೇ ಬ್ಯಾಂಡ್ ಬಾರ್ಸವಾ" ಅಂದಳು ಮೇಟಗಳ್ಳಿಯವಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಲೀಡರ್ ನಗಲಿಲ್ಲ.

ನಗು ನಿಂತ ಮೇಲೆ ಮಾತು ಶುರುವಾಯಿತು. ಬಟ್ಟೆ ಉಳಿದಿಲ್ಲ. ಆ ಚೌಕಳಿ ಮತ್ತೆ ಸಿಗುವುದಿಲ್ಲ. ಒಳಗೆ ಬಿಚ್ಚುವುದಕ್ಕೆ ಮಡಿಕೆಯೂ ಇಲ್ಲ, ಅದನ್ನು ನಾನೇ ಬೇಡ ಅಂದಿದ್ದೆ. ಕೆಳಗೆ ಬಾರ್ಡರ್ ಕೊಡಿಸೋಣ ಅಂದಳು ಒಬ್ಬಳು, ರೇಷ್ಮೆ ಸೀರೆಗೆ ಕೊಡಿಸುವ ಹಾಗೆ. ಇನ್ನೊಬ್ಬಳು, ಒಳಗೆ ಕಪ್ಪು ಲೆಗ್ಗಿಂಗ್ಸ್ ಹಾಕೋಣ ಅಂದಳು. ಲೀಡರ್ ಇಬ್ಬರನ್ನೂ ಒಂದು ನೋಟ ನೋಡಿದಳು, ಅಲ್ಲಿಗೆ ಅದು ಮುಗಿಯಿತು. ಯಾದವಗಿರಿಯವಳಿಗೆ ಮಾತ್ರ ಏನೂ ಬೇಸರವಿರಲಿಲ್ಲ. ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಳ್ಳುತ್ತಿದ್ದಳು.

"ನನಗೇನೋ ಇದೇ ಚೆನ್ನಾಗಿದೆ. ಕಾಲು ಚೆನ್ನಾಗಿರೋವಾಗ ತೋರಿಸ್ಬಾರ್ದು ಅಂತ ಯಾವ ಶಾಸ್ತ್ರದಲ್ಲಿದೆ?"

ಆಗ ಮೇಟಗಳ್ಳಿಯವಳು ಹೇಳಿದಳು. ಕೆಟ್ಟ ಮನಸ್ಸಿನಿಂದಲ್ಲ, ಫ್ಯಾಕ್ಟರಿಯಲ್ಲಿ ದಿನಾ ಇಂಥದ್ದನ್ನೇ ಬಗೆಹರಿಸುವ ಅಭ್ಯಾಸ ಅವಳಿಗೆ. "ಹತ್ತು ಉದ್ದ ಮಾಡಕ್ಕಾಗಕಿಲ್ಲ. ಒಂದು ಗಿಡ್ಡ ಮಾಡ್ಬೋದು. ಲೀಡರ್ರೇ, ನಿಮ್ದೊಂದು ಎರಡಿಂಚು ಕತ್ರಿಸ್ಬುಟ್ರೆ ಎಲ್ಲಾ ಒಂದೇ ಲೆವೆಲ್ ಆಯ್ತದೆ. ಗೆರೆ ಕಂಡ್ರೆ ಕಾಣ್ಲಿ ಬುಡಿ, ಯಾರ್ ನೋಡ್ತಾರೆ?"

ಲೀಡರ್ ಒಳಗೆ ಹೋಗಿ ಸೀರೆ ಉಟ್ಟುಕೊಂಡು ಬಂದಳು. ಕಿಲ್ಟನ್ನು ನೆರಿಗೆ ಕೆಡದ ಹಾಗೆ ಮಡಿಚಿ ಕುರ್ಚಿಯ ಮೇಲಿಟ್ಟಳು. ಪೈಪನ್ನು ಅದರ ಮೇಲಿಟ್ಟಳು. "ಕತ್ರಿಸ್ಕೊಳಿ. ನಂಗಲ್ಲ, ಬೇರೆ ಯಾರಿಗಾದ್ರೂ" ಅಂದು ಚಪ್ಪಲಿ ಹಾಕಿಕೊಂಡಳು. ನಾನು ಗಡಿಬಿಡಿಯಲ್ಲಿ ಸೀರೆ ಸುತ್ತಿಕೊಂಡು, ಅವಳ ಕಿಲ್ಟನ್ನೂ ನನ್ನದನ್ನೂ ಚೀಲಕ್ಕೆ ಹಾಕಿಕೊಂಡು ಹಿಂದೆಯೇ ಓಡಿದೆ. ಇಬ್ಬರೂ ಹೋಗಬೇಕಾದದ್ದು ಒಂದೇ ಆಟೋದಲ್ಲಿ.

ಆಟೋ ವಿದ್ಯಾರಣ್ಯಪುರಂ ಹತ್ತಿರ ಬಂದಾಗ ಅವಳು ಹೇಳಿದಳು.

"ಅವಳ ಮೇಲೆ ಸಿಟ್ಟಿಲ್ಲ ಕಣೇ. ಅವಳು ಹೇಳಿದ್ ಲೆಕ್ಕ ಸರಿ. ಒಂದ್ಸಲ, ಒಂದೇ ಒಂದ್ಸಲ ಎಲ್ರಿಗಿಂತ ಮುಂದೆ ನಡೀಬೇಕು ಅಂತಿತ್ತು. ಯಾರೂ ಕೈ ಹಿಡ್ಕೊಳ್ದೆ. ಅಷ್ಟೇ. ಹೋಗ್ಲಿ ಬಿಡು."

ನಾನು ಸಮಾಧಾನ ಹೇಳುವವಳಲ್ಲ, ನನ್ನನ್ನು ಓದುವವರಿಗೆ ಗೊತ್ತು. "ಹೋಗ್ಲಿ ಬಿಡು ಅನ್ನೋ ಮೂತಿನಾ ಇದು? ಸುಮ್ನಿರು, ನೋಡೋಣ" ಅಂದೆ. ಏನು ನೋಡುವುದೋ ನನಗೇ ಗೊತ್ತಿರಲಿಲ್ಲ.

ಮನೆಗೆ ಬಂದು ನನ್ನ ಕಿಲ್ಟನ್ನು ಇನ್ನೊಂದು ಸಲ ಹಾಕಿ ನೋಡಿದೆ, ನೋಡುತ್ತಿದ್ದರೆ ಉದ್ದವಾಗುತ್ತದೇನೋ ಅನ್ನುವ ಹಾಗೆ. ಆಗಲಿಲ್ಲ. ಬೇಜಾರಾಗಿ ಬಕಲ್ ಸಡಿಲಿಸಿದೆ. ದಪ್ಪ ಉಣ್ಣೆ ಭಾರ ತಾನೆ, ಹೊಕ್ಕಳಿಂದ ಜಾರಿ ಕೆಳಗೆ ಬಂದು ಒಂದು ಜಾಗದಲ್ಲಿ ಕೂತುಬಿಟ್ಟಿತು. ಯಾವ ಜಾಗ ಅಂತ ಸೀರೆ ಉಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಕ್ಕಳ ಕೆಳಗೆ, ವರ್ಷಗಟ್ಟಲೆ ಪೆಟಿಕೋಟಿನ ಲಾಡಿ ಬಿಗಿದು ಬಿಗಿದು ಕಪ್ಪಗೆ ಗುರುತಾಗಿರುತ್ತದಲ್ಲ, ಅಲ್ಲಿ. ಸೊಂಟದಲ್ಲಿ ಬಟ್ಟೆ ನಿಲ್ಲುವುದಕ್ಕೆ ನಮ್ಮ ಮೈಯೇ ಮಾಡಿಟ್ಟುಕೊಂಡ ತೋಡು ಅದು. ಕನ್ನಡಿ ನೋಡಿದೆ. ಮಂಡಿ ಕಾಣುತ್ತಿರಲಿಲ್ಲ. ಹಾಸಿಗೆ ನುಂಗಿದ ಎರಡಿಂಚನ್ನು ಲಾಡಿಯ ಗುರುತು ವಾಪಸ್ ಕೊಟ್ಟಿತ್ತು.

ತೊಂದರೆ ಒಂದೇ. ಹೊಕ್ಕಳ ಸುತ್ತಳತೆಗೆ ಹೊಲಿದದ್ದು, ಅದಕ್ಕಿಂತ ಕೆಳಗೆ ನಾವೆಲ್ಲ ಅಗಲ. ಬಕಲಿನ ಪಟ್ಟಿ ಮುಟ್ಟುತ್ತಿರಲಿಲ್ಲ. ಆದರೆ ಕಿಲ್ಟ್ ಒಂದರ ಮೇಲೊಂದು ಸುತ್ತುವ ಬಟ್ಟೆ, ಸೆರಗಿನ ಹಾಗೆ ಬೇಕಾದಷ್ಟಿದೆ. ಟೈಲರ್ ನನ್ನ ಬಕಲನ್ನು ಹಿಂದಕ್ಕೆ ಹೊಲಿದರು, ಮುಗಿಯಿತು. ಮೇಲೆ ಬ್ಯಾಂಡಿನ ಕೋಟು ಬರುವುದರಿಂದ ಎಲ್ಲಿ ಕಟ್ಟಿದ್ದೇವೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಅದನ್ನು ಹಾಕಿಕೊಂಡೇ, ಮೇಲೆ ನೈಟಿ ಇಳಿಬಿಟ್ಟುಕೊಂಡು ಲೀಡರ್ ಮನೆಗೆ ಹೋದೆ. ಬಾಗಿಲು ಹಾಕಿ ನೈಟಿ ಎತ್ತಿ ತೋರಿಸಿದೆ. ಅವಳು ಮೊದಲು ಮಂಡಿ ನೋಡಿದಳು. ಆಮೇಲೆ ಸೊಂಟ ನೋಡಿದಳು. ಮುಖ ಗಂಟಿಕ್ಕಿದಳು.

"ಕಿಲ್ಟ್ ಹೊಕ್ಕಳ ಮೇಲೆ ಕಟ್ಬೇಕು. ಪೆಟಿಕೋಟಾ ಇದು?"

ನೋಡಿ, ಇದು ಲೀಡರ್. ಮುಳುಗುತ್ತಿರುವವಳಿಗೆ ಹಗ್ಗ ಎಸೆದರೆ ಹಗ್ಗದ ಗಂಟು ಸರಿಯಿಲ್ಲ ಅನ್ನುತ್ತಾಳೆ.

"ಹೌದು, ತಪ್ಪು. ಆದ್ರೆ ಮಂಡಿ ಮುಚ್ತಲ್ಲ?"

"ನಂಗೋಸ್ಕರ ಹತ್ತು ಜನ ತಪ್ಪಾಗಿ ಕಟ್ಕೊಳೋದ್ ಬೇಡ ಕಣೇ. ಇದೂ ಒಂಥರಾ ಪಾಪ ಅನ್ನೋದೇ."

"ನಿಂಗೋಸ್ಕರ ಅಂತ ಯಾರ್ ಹೇಳಿದ್ರು? ಹೊಕ್ಕಳ ಮೇಲ್ ಬಿಗಿದ್ರೆ ನನಗೆ ಉಸ್ರಾಡೋಕಾಗಲ್ಲ, ಇನ್ನು ಡ್ರಮ್ ಎಲ್ಲಿ ಬಾರಿಸ್ಲಿ? ಮದ್ವೆಯಾದಾಗಿಂದ ನಂಗೆ ಏನೇ ಕಟ್ಟಿದ್ರೂ ಕೂರೋದು ಅಲ್ಲೇ. ನೀನು ಬಂದ್ರೂ ಅಲ್ಲೇ, ಬರ್ದಿದ್ರೂ ಅಲ್ಲೇ."

ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅವಳು ನನ್ನನ್ನೇ ನೋಡಿದಳು. "ಮಿಕ್ಕೋರು?" ಅಂದಳು.

ಮಿಕ್ಕವರಿಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದೆ. ಮಂಡಿಯ ಮಾತೇ ಎತ್ತಲಿಲ್ಲ. ಲಾಡಿಯ ಜಾಗಕ್ಕೆ ಇಳಿಸಿ ನೋಡ್ರೇ, ಎಷ್ಟು ಹಾಯಾಗಿದೆ ಅಂದೆ. ಒಬ್ಬೊಬ್ಬರೇ ಮೊಬೈಲನ್ನು ಒರಗಿಸಿಟ್ಟು, ಬಕಲ್ ಬಿಚ್ಚಿ ಕೈಯಲ್ಲೇ ಹಿಡಿದು ಇಳಿಸಿಕೊಂಡರು. ಅಬ್ಬ, ಉಸಿರು ಬಂತು ಅಂದಳು ಒಬ್ಬಳು. ಸಣ್ಣ ಡ್ರಮ್ಮಿನ ಮೇಟಗಳ್ಳಿಯವಳು ಕೆಳಗೆ ಬಗ್ಗಿ ತನ್ನ ಮಂಡಿ ನೋಡಿಕೊಂಡಳು. ಅವಳಿಗೆ ವಿಷಯ ತಿಳಿಯಿತು. ಆಟೋ ಹತ್ತಿದ ಲೀಡರ್ ಮುಖ ಅವಳೂ ನೋಡಿದ್ದಳಲ್ಲ.

"ಇದು ಮೊದ್ಲೇ ಯಾಕ್ ಒಳೀನಿಲ್ಲ ನಮ್ಗೆ? ಎಲ್ರೂ ಇಂಗೇ ಕಟ್ಕಳವಾ. ಲೀಡರ್ರೇ, ಅಲ್ಲೇ ಇದ್ದೀರಾ? ಅವತ್ತು ನಾನ್ ಬಾಯಿಗ್ ಬಂದಂಗ್ ಅಂದ್ಬುಟ್ಟೆ. ಕತ್ರಿ ಎಸ್ದಾಕಿದೀನಿ ಕಣ್ರೀ, ಬನ್ನಿ."

ಯಾದವಗಿರಿಯವಳು ಮಾತ್ರ ತಕರಾರು ತೆಗೆದಳು. ಅವಳು ಸೀರೆ ಉಡುವುದು ಹಬ್ಬಕ್ಕೊಂದು ದಿನ, ಮಿಕ್ಕಂತೆ ಪ್ಯಾಂಟು.

"ನನಗೆ ಆ ಗುರುತೇ ಇಲ್ವಲ್ಲ. ಜಾರ್ಹೋಗುತ್ತೆ. ನಂದು ಮೇಲೇ ಇರ್ಲಿ ಬಿಡ್ರೇ, ಪ್ಲೀಸ್."

"ಗುರ್ತು ಇಲ್ದಿದ್ರೆ ಇವತ್ತಿಂದ ಮಾಡ್ಕ. ಮೈಸೂರಿಗೆಲ್ಲ ನಿನ್ ಕಾಲೊಂದೇ ಚೆಂದ ಅಂತ ಗೊತ್ತು, ಒಂದಿನ ಮುಚ್ಕಂಡ್ರೆ ಸವ್ದೋಗಕಿಲ್ಲ" ಅಂದಳು ಮೇಟಗಳ್ಳಿಯವಳು. ಯಾದವಗಿರಿಯವಳು ನಕ್ಕು ಒಪ್ಪಿದಳು. ಲೀಡರ್ ಫೋನಿಗೆ ಮುಖ ತೋರಿಸದೆ, ಪಕ್ಕದಿಂದಲೇ, "ಪ್ರಾಕ್ಟೀಸಿಗೆ ಲೇಟಾಗಿ ಬಂದವರನ್ನ ಸಾಲಿಂದ ಆಚೆ ಹಾಕ್ತೀನಿ" ಅಂದಳು. ಬರುತ್ತೇನೆ ಅಂತ ಅವಳು ಹೇಳಿದ ರೀತಿ ಅದು.

ವಾರ್ಷಿಕೋತ್ಸವದ ದಿನ ಬಿಸಿಲು ಚೆನ್ನಾಗಿಯೇ ಇತ್ತು. ಉಣ್ಣೆ ಬಟ್ಟೆಯೊಳಗೆ ಬೆಂದುಹೋದೆವು. ಮುಂದೆ ಲೀಡರ್, ಹೊಕ್ಕಳ ಮೇಲೆ ಶಾಸ್ತ್ರೋಕ್ತವಾಗಿ ಬಿಗಿದ ಕಿಲ್ಟಿನಲ್ಲಿ. ಹಿಂದೆ ನಾವು ಹತ್ತು ಜನ, ಬಕಲ್ ಹಿಂದಕ್ಕೆ ಹೊಲಿಸಿ ಲಾಡಿಯ ಗುರುತಿನ ಮೇಲೆ ಕಟ್ಟಿದ ಕಿಲ್ಟಿನಲ್ಲಿ. ಸುತ್ತು ಕಡಿಮೆಯಾದ್ದರಿಂದ ಮುಂದಿನ ಅಂಚು ಹಾರುತ್ತದೆ ಅಂತ, ತಾಳಿ ಸರಕ್ಕೂ ಬಳೆಗೂ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನೆಲ್ಲ ತೆಗೆದು ಹಾಕಿಕೊಂಡಿದ್ದೆವು. ಹನ್ನೊಂದು ಜೋಡಿ ಕಾಲು, ಒಂದು ಮಂಡಿಯೂ ಇಲ್ಲ.

ಪೈಪಿನ ಮೊದಲ ಸ್ವರ ಎದ್ದಾಗ ನನಗೆ ಅಳು ಬಂತು ಅಂತ ಬರೆದರೆ ನೀವು ಲೈಕ್ ಒತ್ತುತ್ತೀರಿ. ಬರಲಿಲ್ಲ. ನನ್ನ ಗಮನವೆಲ್ಲ ಡ್ರಮ್ಮಿನ ಏಟು ತಪ್ಪಬಾರದು ಅನ್ನುವುದರ ಮೇಲಿತ್ತು. ಅರ್ಧ ಮೈದಾನ ದಾಟುವಾಗ ನನ್ನ ಹಿಂದಿನಿಂದ ಯಾದವಗಿರಿಯವಳು, "ಜಾರ್ತಿದೆ ಕಣೇ, ಜಾರ್ತಿದೆ" ಅಂತ ಹಲ್ಲುಕಚ್ಚಿಕೊಂಡು ಹೇಳುತ್ತಿದ್ದಳು. ಮೇಟಗಳ್ಳಿಯವಳು ಡ್ರಮ್ ಬಾರಿಸುತ್ತಲೇ, "ಹೊಟ್ಟೆ ಉಬ್ಬಿಸ್ಕಂಡ್ ನಡಿ" ಅಂದಳು. ತಿರುವಿನಲ್ಲಿ ಲೀಡರ್ ಎಡಗಾಲ ಮೇಲೇ ತಿರುಗಿದಳು. ಬೇಕೆಂದೇ ಎಡಗಾಲು ಅಂತ ನನ್ನ ಅಂದಾಜು. ಯಾರೂ ಓಡಿಬಂದು ಮೊಣಕೈ ಹಿಡಿಯಲಿಲ್ಲ. ಅವಳ ಗಂಡ ಮೊದಲ ಸಾಲಿನ ಕುರ್ಚಿಯಿಂದ ಅರ್ಧ ಎದ್ದಿದ್ದರು, ಮತ್ತೆ ಕೂತರು.

ಸಂಜೆ ಸ್ಕೂಲಿನವರು ವಿಡಿಯೋ ಹಾಕಿದರು. ಕೆಳಗೆ ನಮ್ಮ ಕಾಲದವರು, ನಮಗಿಂತ ಚಿಕ್ಕವರು ಎಲ್ಲ ಬರೆದಿದ್ದರು. ಸೂಪರ್, ಕಣ್ಣು ತುಂಬಿತು, ದೊಡ್ಡ ಡ್ರಮ್ಮಿನ ಹಿಂದೆ ಯಾರಿದ್ದಾರೆ ಕಾಣುತ್ತಿಲ್ಲ, ಹೀಗೆ. ನಾನು ಒಂದೊಂದನ್ನೂ ಓದುತ್ತಾ ಹೋದೆ, ಎಲ್ಲಾದರೂ ಆ ಎರಡು ಪದ ಇದೆಯಾ ಅಂತ. ಇರಲಿಲ್ಲ. ಅಷ್ಟರಲ್ಲಿ ಲೀಡರ್ ನನಗೊಂದು ಸ್ಕ್ರೀನ್‌ಶಾಟ್ ಕಳಿಸಿದಳು. ನಮಗಿಂತ ಎರಡು ವರ್ಷ ಚಿಕ್ಕವಳು ಯಾರೋ ಬರೆದಿದ್ದಳು: "ಮುಂದಿರೋ ಅಕ್ಕಂಗೆ ಇಷ್ಟು ವರ್ಷ ಆದ್ರೂ ಅದೇ ಕೊಬ್ಬು, ಒಂಚೂರು ನಗಬಾರದಾ?"

ಅದರ ಕೆಳಗೆ ಲೀಡರ್ ನನಗೆ ಬರೆದಿದ್ದು ಒಂದೇ ಮಾತು: "ನೋಡ್ದ್ಯಾ!"

ಇದನ್ನು ಬರೆಯುತ್ತೇನೆ ಅಂದಾಗ, "ಬರಿ, ಮಂಡಿ ವಿಷಯಾನೂ ಬರಿ, ಫೋಟೋ ಹಾಕಿದ್ರೆ ಮಾತ್ರ ಡ್ರಮ್ ಹರಿದ್ಬಿಡ್ತೀನಿ" ಅಂದಳು. ಅದಕ್ಕೇ ಫೋಟೋ ಇಲ್ಲ.

ಕಿಲ್ಟ್ ಎಷ್ಟು ಉದ್ದ ಇರಬೇಕು ಅಂತ ತಿಳಿದುಕೊಳ್ಳಲು ಇಲ್ಲಿತನಕ ಓದಿದವರಿಗೆ ಹೇಳುತ್ತೇನೆ. ಗಟ್ಟಿ ನೆಲದ ಮೇಲೆ ಮಂಡಿಯೂರಿ ಅಳೆಯಿರಿ. ಊರಲಾಗದಿದ್ದರೆ ನಿಂತುಕೊಂಡು, ಹುಬ್ಬಿನ ಪೆನ್ಸಿಲಿನಲ್ಲಿ ಗೆರೆ ಎಳೆಸಿಕೊಳ್ಳಿ. ಮಂಚ ಹತ್ತಬೇಡಿ. ಟೈಲರ್ ಎರಡಿಂಚು ಬಿಡಲಾ ಅಂದರೆ ಅವರ ಮೇಲೆ ಜೋಕು ಮಾಡಬೇಡಿ.

ಈಗ ನಿಮ್ಮ ಸರದಿ. ನಿಮ್ಮ ಅಳತೆ ಎಲ್ಲಿ ಕೆಟ್ಟಿತು, ಯಾವ ಮದುವೆಯಲ್ಲಿ, ಯಾವ ಯೂನಿಫಾರ್ಮಿನಲ್ಲಿ, ಕೊನೆಗೆ ಯಾವ ಪಿನ್ನು ಮಾನ ಉಳಿಸಿತು? ಕೆಳಗೆ ಬರೆಯಿರಿ. ಗಂಡಸರೂ ಬರೆಯಬಹುದು, ಪಂಚೆಯನ್ನು ಹೊಟ್ಟೆಯ ಮೇಲೆ ಕಟ್ಟುತ್ತೀರೋ ಕೆಳಗೋ ಅಂತ ನಮಗೂ ಗೊತ್ತಾಗಲಿ. ಲೀಡರ್ ಓದುತ್ತಿರುತ್ತಾಳೆ. ಅಯ್ಯೋ ಪಾಪ ಅಂತ ಮಾತ್ರ ಬರೆಯಬೇಡಿ.